ಧೂಳೇಳುವ ಮುನ್ನ ಲೆನ್ಸು ಬಿಚ್ಚುವ ಅಫ್ಸರ್

ಚಳ್ಳಕೆರೆ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಾಲಿನವನ ಸೈಕಲ್ಲು ಹೋದ ಸದ್ದು ಅಡಗಿದ ಮೇಲೆ ಉಳಿದಿರುವುದು ಒಂದೇ ಸದ್ದು. ಅರ್ಧ ತೆರೆದ ಬಾಗಿಲ ಒಳಗೆ ಯಾರೋ ನೆಲಕ್ಕೆ ನೀರು ಚಿಮುಕಿಸುತ್ತಿದ್ದಾರೆ. ಗುಡಿಸುವುದಿಲ್ಲ, ಗುಡಿಸಿದರೆ ಧೂಳು ಏಳುತ್ತದೆ. ಬಾಗಿಲಿಗೆ ಹಳೆಯ ಪಂಚೆಯೊಂದನ್ನು ಒದ್ದೆ ಮಾಡಿ ಇಳಿಬಿಟ್ಟಿದ್ದಾರೆ. ಫ್ಯಾನು ನಿಂತಿದೆ. ಬೆಳಗಿನ ನಮಾಜು ಮುಗಿಸಿ ಬಂದ ಅಫ್ಸರ್ ತೋಳು ಮಡಚಿ, ಮೊಣಕೈವರೆಗೆ ಕೈ ತೊಳೆದು, ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂರುತ್ತಾರೆ. ಮೇಜಿನ ಮೇಲಿರುವುದು ಕ್ಯಾಮೆರಾದ ಒಂದು ಲೆನ್ಸು. ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು, ಆದರೆ ಕೈಗೆತ್ತಿಕೊಂಡರೆ ಕಲ್ಲಿನಷ್ಟು ಭಾರ. ಬಿಚ್ಚುವ ಮೊದಲು ಅವರು ಅದನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಫೋಕಸ್ ಮಾಡುವ ಉಂಗುರವನ್ನು ತಿರುಗಿಸಲು ನೋಡುತ್ತಾರೆ.

ಅದು ತಿರುಗುವುದಿಲ್ಲ.

"ಲೆನ್ಸು ಬಿಚ್ಚೋಕೆ ಇದೊಂದೇ ಹೊತ್ತು ನೋಡ್ರಿ" ಎನ್ನುತ್ತಾರೆ ಅಫ್ಸರ್, ದನಿ ಎತ್ತದೆ. "ಆಮೇಲೆ ಶೇಂಗಾ ಲಾರಿ ಬರ್ತಾವೆ, ಮಿಲ್ಲು ಶುರು ಆಗ್ತಾವೆ. ನಮ್ಮೂರಾಗೆ ಗಾಳಿ ಅಂದ್ರೆ ಬರೇ ಗಾಳಿ ಅಲ್ಲ, ಅದ್ರಾಗೆ ಸಿಪ್ಪೆನೂ ಐತೆ. ಒಂದು ಸಿಪ್ಪೆ ಚೂರು ಒಳಗೆ ಹೋತು ಅಂದ್ರೆ ನನ್ನ ಕೆಲಸ ನಾನೇ ಹಾಳು ಮಾಡ್ದಂಗೆ."

ಒದ್ದೆ ಪಂಚೆಯ ಈಚೆ, ಬಾಗಿಲ ಪಕ್ಕದ ಬೆಂಚಿನ ಮೇಲೆ ಇಬ್ಬರು ಕೂತಿದ್ದಾರೆ. ಮೊಳಕಾಲ್ಮೂರಿನ ಕಾಂಚನಾ ಮತ್ತು ಅವಳ ಮಾವ, ನೇಕಾರ ಬೊಮ್ಮಣ್ಣ. ಹಿಂದಿನ ಸಂಜೆಯೇ ಬಸ್ಸು ಹತ್ತಿ ಬಂದು, ಇಲ್ಲೇ ಊರೊಳಗಿನ ಕಾಂಚನಾಳ ಸೋದರತ್ತೆಯ ಮನೆಯಲ್ಲಿ ಮಲಗಿ, ಕತ್ತಲಿರುವಾಗಲೇ ಎದ್ದು ಬಂದಿದ್ದಾರೆ. ಅಲ್ಲಾಡಬೇಡಿ, ಸೆರಗು ಕೊಡವಬೇಡಿ, ಮಾತಾಡಬೇಕೆನಿಸಿದರೆ ಮೆಲ್ಲಗೆ ಮಾತಾಡಿ ಎಂದು ಅಫ್ಸರ್ ಮೊದಲೇ ಹೇಳಿಬಿಟ್ಟಿದ್ದಾರೆ. ಬೊಮ್ಮಣ್ಣ ಗುಡಿಯಲ್ಲಿ ಕೂತವರ ಹಾಗೆ ಕಾಲು ಮಡಚಿ ಕೂತಿದ್ದಾರೆ. ಕಾಂಚನಾ ಮಾತ್ರ ಉಗುರು ಕಚ್ಚುತ್ತಿದ್ದಾಳೆ. ಅದಕ್ಕೆ ಕಾರಣವಿದೆ.

ಮೇಜಿನ ಮೇಲಿರುವ ಲೆನ್ಸು ಅವಳದು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಲೆನ್ಸಿಗೆ ಮೂರು ಪಟ್ಟು ಕೊಟ್ಟು ತಂದದ್ದು. ಕೊಳ್ಳು ಎಂದು ಹೇಳಿದವರು ಇದೇ ಅಫ್ಸರ್. ಮನೆಯಲ್ಲಿ ಅತ್ತೆ ದುರುಗಕ್ಕ ಅಂದೇ ಅಂದಿದ್ದರು: ಗಾಜು ಗಾಜೇ, ಕಮ್ಮಿದು ತಂದರೆ ಫೋಟೊ ಏನು ಕಪ್ಪಗೆ ಬರ್ತದಾ ಅಂತ. ಆರು ತಿಂಗಳು ತುಂಬುವ ಮೊದಲೇ ಉಂಗುರ ಕಚ್ಚಿಕೊಂಡಿದೆ. ಈಗ ದುರುಗಕ್ಕನದು ಒಂದೇ ಮಾತು: ಸರಿಹೋದರೆ ಸರಿ, ಹೋಗದಿದ್ದರೆ ಕ್ಯಾಮೆರಾ ಸಮೇತ ಚಳ್ಳಕೆರೆಯಲ್ಲೇ ಮಾರಿ ಬಾ, ಬಂದಮೇಲೆ ನನ್ನ ಜೊತೆ ನೂಲು ಸುತ್ತೋಕೆ ಕೂತ್ಕೋ. ಕಾಂಚನಾ ಒಪ್ಪಿ ಬಂದಿದ್ದಾಳೆ. ಅಂದರೆ ಈ ಬೆಳಗ್ಗೆ ಅವಳ ಕಸುಬೂ, ಕೊಳ್ಳು ಎಂದವರ ಮಾತೂ ಒಟ್ಟಿಗೆ ಆ ಬಿಳಿ ಬಟ್ಟೆಯ ಮೇಲೆ ಕೂತಿವೆ.

ಅಫ್ಸರ್‌ಗೆ ಈಗ ಐವತ್ತಾರು. ಅಪ್ಪ ಬಡೇಸಾಬ್ ಊರಿನ ಎಣ್ಣೆ ಮಿಲ್ಲುಗಳ ಮೆಕ್ಯಾನಿಕ್ಕು. ಮಿಲ್ಲಿನ ಬಾಗಿಲಲ್ಲಿ ನಿಂತು ಸದ್ದು ಕೇಳಿಯೇ ಯಾವ ಕಡೆಯ ಬೇರಿಂಗು ಸವೆದಿದೆ ಎಂದು ಹೇಳುತ್ತಿದ್ದರಂತೆ. ಮಗನ ಬೆರಳುಗಳು ಮಾತ್ರ ತೆಳ್ಳಗೆ, ಉದ್ದ. ಸ್ಪ್ಯಾನರ್ ಹಿಡಿದರೆ ಸ್ಪ್ಯಾನರೇ ಹುಡುಗನನ್ನು ಹಿಡಿದುಕೊಂಡಂತೆ ಕಾಣುತ್ತಿತ್ತು ಎಂದು ಮನೆಯವರು ಇವತ್ತಿಗೂ ನಗುತ್ತಾರೆ. ಮಿಲ್ಲಿಗೆ ಬಿಟ್ಟರೆ ಇವನನ್ನು ಮಿಲ್ಲೇ ಅರೆದುಬಿಡುತ್ತದೆ ಎಂದು ಅಪ್ಪನೇ ಚಿತ್ರದುರ್ಗದ ಒಂದು ಗಡಿಯಾರದ ಅಂಗಡಿಗೆ ಸೇರಿಸಿದರು. ಅಲ್ಲಿಗೆ ಎದುರಿನ ಸ್ಟುಡಿಯೋದವರು ಒಂದು ದಿನ ಶಟರ್ ಸಿಕ್ಕಿಕೊಂಡ ಕ್ಯಾಮೆರಾ ತಂದರು. ಗಡಿಯಾರದ ಯಜಮಾನರು ಅದನ್ನು ಮುಟ್ಟಲು ಹೆದರಿದರು. ಅಫ್ಸರ್ ಹೆದರಲಿಲ್ಲ. ಕೇಳಿದರೆ, ಹೆದರೋಕೆ ನನಗೆ ಅದರ ಬೆಲೆ ಗೊತ್ತಿರಲಿಲ್ಲ ಎನ್ನುತ್ತಾರೆ.

ಮದುವೆ ಕಾಲದಲ್ಲಿ ಹಿರಿಯೂರು, ಪಾವಗಡ, ಆಚೆ ರಾಯದುರ್ಗದಿಂದಲೂ ಕ್ಯಾಮೆರಾಗಳು ಬರುತ್ತಿದ್ದ ದಿನಗಳಿದ್ದವು. ಮೊಬೈಲು ಬಂತು, ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲವು ವರ್ಷ ಅಫ್ಸರ್ ಇದೇ ಮೇಜಿನ ಮೇಲೆ ಮೊಬೈಲ್ ಕವರು ಮಾರಿದರು. ಹೆಂಡತಿ ರಹಮತ್ ಬೀ ಸೀರೆಗೆ ಫಾಲ್ ಹೊಲಿದು ಮನೆ ನಡೆಸಿದರು. ಆ ದಿನಗಳ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ. "ಕವರು ಮಾರೋದ್ರಾಗೆ ಏನ್ ಐತ್ರಿ. ಕೈಗೆ ಏನೂ ಕೇಳ್ಸಲ್ಲ" ಎಂದಷ್ಟೇ ಹೇಳುತ್ತಾರೆ. ಕೈಗೆ ಕೇಳಿಸುವುದು ಎಂಬ ಮಾತನ್ನು ಅವರು ತೀರಾ ಸಾಮಾನ್ಯವಾಗಿ, ಎಲ್ಲರ ಕೈಗೂ ಕೇಳಿಸುತ್ತದೆ ಎನ್ನುವಂತೆ ಆಡುತ್ತಾರೆ.

ಈಗ ಮತ್ತೆ ಕ್ಯಾಮೆರಾಗಳು ಬರುತ್ತಿವೆ. ಮದುವೆಗೆ ಮುಂಚಿನ ಫೋಟೊ ತೆಗೆಯುವ ಹುಡುಗರು, ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನಲ್ಲಿ ಹಕ್ಕಿ ಹುಡುಕುತ್ತ ಅಲೆಯುವವರು, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಭಕ್ತರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದುಕೊಡುವ ಮಾರುತಿಯಂಥವರು. ಎಲ್ಲರೂ ಅಫ್ಸರ್‌ಗೆ ಕೇಳುವ ಪ್ರಶ್ನೆ ಒಂದೇ. ಚಿಕ್ಕ ಲೆನ್ಸು ಬೇಕು. ಪ್ಲಾಸ್ಟಿಕ್ಕಿನದು ಕಮ್ಮಿಗೆ ಸಿಗುತ್ತದೆ, ಲೋಹದ್ದು ದುಬಾರಿ. ಜಾಸ್ತಿ ಕೊಡೋದು ದಂಡ ಅಲ್ವಾ?

ಅಫ್ಸರ್ ಇದಕ್ಕೆ ಒಂದೇ ಉತ್ತರ ಕೊಟ್ಟದ್ದಿಲ್ಲ. ಮಾರುತಿಯ ಪ್ಲಾಸ್ಟಿಕ್ ಲೆನ್ಸು ಒಮ್ಮೆ ಬೆಟ್ಟದ ಮೆಟ್ಟಿಲ ಮೇಲೆ ಉರುಳಿ, ಕ್ಯಾಮೆರಾಕ್ಕೆ ಸಿಕ್ಕಿಸುವ ಕಡೆಯ ಕಿವಿಗಳೇ ಮುರಿದುಹೋದವು. ಅಫ್ಸರ್ ಅದನ್ನು ಸುತ್ತ ತಿರುಗಿಸಿ ನೋಡಿ ಹಾಗೇ ವಾಪಸು ಕೊಟ್ಟರು. ಒಳಗೆಲ್ಲ ಅಂಟು ಹಾಕಿ ಕೂರಿಸಿದ್ದಾರೆ, ಸ್ಕ್ರೂ ಇಲ್ಲ, ಬಿಚ್ಚಿದರೆ ಮುರಿದಂತೆಯೇ ಎಂದರು. ಮಾರುತಿ ಬಿಡಲಿಲ್ಲ. "ಬರಲ್ಲ ಅನ್ನು ಅಫ್ಸರಣ್ಣ, ಪಾಪ ಅಂಟಿಗೆ ಯಾಕೆ ಬೈತೀಯ" ಎಂದು ಕಿಚಾಯಿಸಿದ. ಅಫ್ಸರ್ ನಕ್ಕು, ಮತ್ತೆ ಅಂಥದ್ದೇ ಪ್ಲಾಸ್ಟಿಕ್ಕಿನದು ಕೊಂಡುಕೋ ಎಂದು ತಾವೇ ಹೇಳಿ ಕಳಿಸಿದರು. ಅವನದು ಬಯಲಿನ ಬಿಸಿಲಲ್ಲಿ ತೆಗೆಯುವ ಫೋಟೊ. ಭಕ್ತರಿಗೆ ತಮ್ಮ ಮುಖವೂ ಹಿಂದಿನ ಗುಡಿಯೂ ಕಂಡರೆ ಆಯಿತು. ವರ್ಷಕ್ಕೊಮ್ಮೆ ಬೀಳಿಸುವವನಿಗೆ ದುಬಾರಿಯದು ಯಾಕೆ?

"ಜಾಸ್ತಿ ಕೊಟ್ಟಿದ್ದೆಲ್ಲ ಒಳ್ಳೇದಲ್ರಿ" ಎನ್ನುವುದು ಅವರ ಮೊದಲ ಮಾತು. "ಕೆಲವಕ್ಕೆ ಮೇಲೆ ಲೋಹ, ಒಳಗೆ ಅದೇ ಪ್ಲಾಸ್ಟಿಕ್ಕು. ತೂಕ ನೋಡಿ ಮೋಸ ಹೋಗ್ತಾರೆ. ಫೋಟೊದಾಗೆ ಫರಕ್ ಕಮ್ಮಿ ಐತೆ, ಸುಳ್ಳು ಯಾಕೆ ಹೇಳ್ಲಿ. ಫರಕ್ ಇರೋದು ಕೈಯಾಗೆ. ದಿನಾ ಹಿಡಿಯೋ ಕೈ ಆದ್ರೆ ಜಾಸ್ತಿ ಕೊಡ್ರಿ, ಹಬ್ಬಕ್ಕೊಮ್ಮೆ ಹಿಡಿಯೋರಾದ್ರೆ ಬ್ಯಾಡ."

ಅವರ ಲೆಕ್ಕಾಚಾರದಲ್ಲಿ ಇನ್ನೊಂದು ವಿಚಿತ್ರವಿದೆ. ಚೆನ್ನಾಗಿ ಕಟ್ಟಿದ ಲೆನ್ಸು ಅವರ ಬಳಿ ಬರುವುದೇ ಅಪರೂಪ. ಕೆಟ್ಟದಾಗಿ ಕಟ್ಟಿದ್ದು ಪದೇಪದೇ ಬರುತ್ತದೆ, ಆದರೆ ಅದಕ್ಕೆ ಅವರು ಮಾಡುವುದು ಏನೂ ಇಲ್ಲ. ಒಳ್ಳೆಯದನ್ನು ಕೊಳ್ಳಿ ಎನ್ನುವಾಗಲೆಲ್ಲ ಒಬ್ಬ ಗಿರಾಕಿಯನ್ನು ವರ್ಷಗಟ್ಟಲೆ ದೂರ ಕಳಿಸಿದಂತೆ. ಇದನ್ನು ರಹಮತ್ ಬೀ ಬಹಳ ಹಿಂದೆಯೇ ಕಂಡುಕೊಂಡು ಗಂಡನನ್ನು ಛೇಡಿಸಿದ್ದಾರೆ: ನೀವು ವೈದ್ಯರಾಗಿದ್ದರೆ ಊರಿಗೆಲ್ಲ ಆರೋಗ್ಯ, ನಮ್ಮ ಮನೆಗೆ ಉಪವಾಸ.

ಕಾಂಚನಾಗೆ ಕೊಂಡುಕೋ ಎಂದದ್ದು ಯಾಕೆಂದರೆ ಅವಳ ಕೆಲಸ ಬೇರೆ. ಅವಳು ಫೋಟೊ ತೆಗೆಯುವುದು ಮದುಮಕ್ಕಳದಲ್ಲ, ಮಗ್ಗದ ಮೇಲಿನ ಸೀರೆಗಳದು. ಮೊಳಕಾಲ್ಮೂರಿನ ಅವರ ಬೀದಿಯಲ್ಲಿ ಗುಂಡಿ ಮಗ್ಗಗಳು. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಟ್ಟು ನೇಯುವವರು ಕೂರುತ್ತಾರೆ. ಕೋಣೆಯ ತುಂಬ ಮಗ್ಗವೇ. ಗೋಡೆಗೂ ಮಗ್ಗಕ್ಕೂ ನಡುವೆ ಅಡ್ಡ ತಿರುಗಿ ನಿಲ್ಲುವಷ್ಟು ಜಾಗ. ಉದ್ದ ಮೂತಿಯ ಲೆನ್ಸು ಹಿಡಿದು ಬಗ್ಗಿದರೆ ಅದು ಮಗ್ಗಕ್ಕೆ ಉದ್ದಕ್ಕೂ ಹೂಡಿದ ಹಾಸಿನ ಎಳೆಗಳಿಗೆ ತಾಗುತ್ತದೆ. ರೇಷ್ಮೆಯ ಎಳೆ ಒಂದು ಹರಿದರೆ ಒಂದು ಮನೆಯ ಇಡೀ ದಿನ ಹಾಳು. ಚಿಕ್ಕದಾದರೆ ಎರಡು ಎಳೆಗಳ ನಡುವೆ ಇಣುಕಿದಂತೆ ಇಣುಕಬಹುದು. ಕಿಟಕಿಯಿಂದ ಬರುವ ಬೆಳಕೊಂದೇ, ಆದ್ದರಿಂದ ಕೈಯಿಂದಲೇ ತಿರುಗಿಸಿ, ಅಂಚಿನ ನೇಯ್ಗೆ ಕಣ್ಣಿಗೆ ಹೊಡೆಯುವ ಹಾಗೆ ಫೋಕಸ್ ಮಾಡಬೇಕು. ಆ ಫೋಟೊ ಫೋನಿನಲ್ಲಿ ನೋಡಿ ದೂರದೂರಿನವರು ಸೀರೆ ಕೊಳ್ಳುತ್ತಾರೆ. ನಡುವೆ ದಲ್ಲಾಳಿಗಳು ಯಾರೂ ಇಲ್ಲ. ಬೀದಿಯ ಬೇರೆ ಮನೆಗಳವರೂ ಈಗ ನೇಯ್ದ ಸೀರೆಯನ್ನು ಮಗ್ಗದಿಂದ ಇಳಿಸುವ ದಿನ ಕಾಂಚನಾಳನ್ನು ಕರೆಯುತ್ತಾರೆ.

ಅವಳ ಹಳೆಯ ಪ್ಲಾಸ್ಟಿಕ್ ಲೆನ್ಸಿನ ಉಂಗುರ ಸಡಿಲವಿತ್ತು. ಪಕ್ಕದ ಮಗ್ಗ ಬಡಿದರೂ ಸಾಕು, ನೆಲ ಅದುರಿ ಫೋಕಸ್ ಜಾರುತ್ತಿತ್ತು. ಅಂಚು ಮಸುಕಾಗಿ ಬಂದ ಫೋಟೊ ನೋಡಿ ಗಿರಾಕಿಗಳು, ನೇಯ್ಗೆಯೇ ಒರಟು ಇರಬೇಕು ಎಂದು ಬಿಟ್ಟುಬಿಡುತ್ತಿದ್ದರು. ಹೊಸ ಲೆನ್ಸಿನ ಉಂಗುರವೋ, ಚಳಿಗಾಲದ ತುಪ್ಪದಲ್ಲಿ ಚಮಚ ತಿರುಗಿಸಿದ ಹಾಗೆ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತಿತ್ತು. ಹೆಚ್ಚು ದುಡ್ಡು ಕೊಟ್ಟದ್ದು ಬಹುಪಾಲು ಆ ನಿಲ್ಲುವಿಕೆಗೇ.

ಈಗ ಅದೇ ಕಲ್ಲಾಗಿದೆ.

ಅಫ್ಸರ್ ಹಿಂಭಾಗದ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು, ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಉಸಿರನ್ನು ಪಕ್ಕಕ್ಕೆ ತಿರುಗಿ ಬಿಡುತ್ತಾರೆ. ಉಂಗುರದ ಕೆಳಗೆ ಒಂದೆರಡು ಹನಿ ಸ್ಪಿರಿಟ್ಟು ಬಿಟ್ಟು ಕಾಯುತ್ತಾರೆ. ಕಾಯುವುದೂ ಅವರ ಕೆಲಸದ ಒಂದು ಭಾಗ. ಆ ಹೊತ್ತಿನಲ್ಲಿ ಅವರ ತುಟಿ ಅಲುಗುತ್ತದೆ, ಏನೋ ಜಪಿಸುತ್ತಿದ್ದಾರೆ. ಪಂಚೆಯ ಈಚೆ ಬೊಮ್ಮಣ್ಣನ ತುಟಿಯೂ ಅಲುಗುತ್ತಿದೆ. ಇಬ್ಬರೂ ಬೇರೆ ಬೇರೆ ಬಾಗಿಲು ತಟ್ಟುತ್ತಿದ್ದರೂ ಕೇಳುತ್ತಿರುವುದು ಒಂದನ್ನೇ.

ಉಂಗುರ ಸಡಿಲಗೊಳ್ಳುತ್ತದೆ. ಮೇಲಿನ ಭಾಗ ಬೇರೆಯಾಗಿ ಬರುತ್ತದೆ. ಒಳಗೆ ಇರಬೇಕಾದ ತಿಳಿ ಬಣ್ಣದ ಗ್ರೀಸಿನ ಜಾಗದಲ್ಲಿ ಕಂದು ಬಣ್ಣದ, ಬೆಲ್ಲದ ಪಾಕದಂಥ ಅಂಟು. ಬೆಳಕು ಒಳಬಿಡುವ ಪುಟ್ಟ ಲೋಹದ ರೆಕ್ಕೆಗಳೂ ಅದರಲ್ಲಿ ಮುಳುಗಿ ಒಂದಕ್ಕೊಂದು ಕಚ್ಚಿಕೊಂಡಿವೆ. ಅಫ್ಸರ್ ಅದನ್ನು ಬೆರಳಿಗೆ ಹಚ್ಚಿ, ಉಜ್ಜಿ, ಮೂಗಿನ ಹತ್ತಿರ ತರುತ್ತಾರೆ. ಮತ್ತೊಮ್ಮೆ ತರುತ್ತಾರೆ. ಮಿಲ್ಲಿನ ಮೆಕ್ಯಾನಿಕ್ಕಿನ ಮಗನಿಗೆ ಈ ವಾಸನೆಯಲ್ಲಿ ಅನುಮಾನ ಬರುವಂತಿಲ್ಲ.

"ಕಾಂಚನಾ, ಇದ್ರಾಗೆ ಶೇಂಗಾ ಎಣ್ಣೆ ಐತಲ್ಲವ್ವ" ಎನ್ನುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ, ಆಶ್ಚರ್ಯ ಮಾತ್ರ.

ಕಾಂಚನಾ ಎದ್ದು ನಿಲ್ಲುತ್ತಾಳೆ. ತಾನು ಎಣ್ಣೆಯ ಹತ್ತಿರ ಅದನ್ನು ಒಯ್ದದ್ದೇ ಇಲ್ಲ, ಅಡುಗೆಮನೆಗೂ ತಂದಿಲ್ಲ, ಮೆತ್ತನೆ ಬಟ್ಟೆ ಬಿಟ್ಟರೆ ಬೇರೇನೂ ಸೋಕಿಸಿಲ್ಲ ಎಂದು ಆಣೆ ಮಾಡಲು ಹೊರಡುತ್ತಾಳೆ. ಅತ್ತೆಗೆ ಈ ಸುದ್ದಿ ಹೇಗೆ ಹೇಳುವುದು ಎಂಬ ಚಿಂತೆ ಅವಳ ಮುಖದಲ್ಲಿ ಆಗಲೇ ಕಾಣುತ್ತಿದೆ. ಆಗ ಪಕ್ಕದಲ್ಲಿ ಕೂತ ಬೊಮ್ಮಣ್ಣ ಕೇಳುತ್ತಾರೆ:

"ಎಣ್ಣೆ ಬಿಡಬಾರದೇನ್ರಿ ಅದಕ್ಕೆ?"

ಇಬ್ಬರೂ ತಿರುಗಿ ನೋಡುತ್ತಾರೆ.

"ನಾನೇ ಬಿಟ್ಟಿದ್ದು" ಎನ್ನುತ್ತಾರೆ ಬೊಮ್ಮಣ್ಣ, ಮಾಡಬೇಕಾದ ಕೆಲಸ ಮಾಡಿ ಮುಗಿಸಿದವರ ಸಮಾಧಾನದಲ್ಲಿ. "ಒಂದೊಂದೇ ಹನಿ. ಬಿಗಿ ಐತೆ ಅನ್ನಿಸ್ತು."

ಆಮೇಲೆ ನಿಧಾನವಾಗಿ ಎಲ್ಲ ಹೊರಬರುತ್ತದೆ. ಬೊಮ್ಮಣ್ಣನ ಮನೆಯಲ್ಲಿ ಒಂದು ಪದ್ಧತಿ. ಸೀರೆ ಮಗ್ಗದಿಂದ ಇಳಿದ ಬೆಳಗ್ಗೆ, ಹೊಸ ಹಾಸು ಹೂಡುವ ಮೊದಲು, ಕೆಲಸದ ಸಾಮಾನುಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಾರೆ. ಲಾಳಿ, ಕತ್ತರಿ, ನೂಲು ಸುತ್ತುವ ರಾಟೆ. ಮಗ್ಗದ ಕೀಲಿಗೆ, ರಾಟೆಯ ಕೀಲಿಗೆ ಒಂದೊಂದು ಹನಿ ಎಣ್ಣೆ ಬಿಡುತ್ತಾರೆ. ತಿರುಗುವುದಕ್ಕೆಲ್ಲ ಎಣ್ಣೆ ಸಲ್ಲಬೇಕು ಎಂದು ಅವರ ಅಪ್ಪ ಹೇಳಿಕೊಟ್ಟದ್ದು. ಹೊಸ ಲೆನ್ಸು ಮನೆಗೆ ಬಂದ ಮೇಲೆ, ಕಾಂಚನಾ ಫೋಟೊ ಮುಗಿಸಿ ಕ್ಯಾಮೆರಾ ಕಿಟಕಿಯ ಮೇಲಿಟ್ಟು ಕಾಫಿ ಕಾಯಿಸಲು ಹೋದಾಗ, ಬೊಮ್ಮಣ್ಣ ಅದನ್ನು ಕೈಗೆ ತೆಗೆದುಕೊಂಡು ನೋಡಿದ್ದಾರೆ. ಉಂಗುರ ಬಿಗಿಯೆನಿಸಿದೆ. ಹುಡುಗಿಯ ಕೈ ನೋಯುತ್ತದಲ್ಲ ಎಂದುಕೊಂಡಿದ್ದಾರೆ. ಅಂದಿನಿಂದ ಪ್ರತಿ ಸಲ ಸೀರೆ ಇಳಿದಾಗಲೂ ಮಗ್ಗಕ್ಕೆ ಬಿಟ್ಟು ಉಳಿದ ಎಣ್ಣೆಯಲ್ಲಿ ಒಂದು ಹನಿ ಅದಕ್ಕೂ ಸಂದಿದೆ. ಹೇಳಿಕೊಳ್ಳುವ ವಿಷಯ ಎಂದು ಅವರಿಗೆ ಅನಿಸಿಲ್ಲ. ರಾಟೆಗೆ ಎಣ್ಣೆ ಬಿಟ್ಟದ್ದನ್ನು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

ಅಫ್ಸರ್ ತಲೆ ತಗ್ಗಿಸುತ್ತಾರೆ. ಭುಜ ಅಲುಗುತ್ತಿದೆ. ನಗುತ್ತಿದ್ದಾರೆ, ಆದರೆ ಮೇಜಿನ ಮೇಲೆ ಉಸಿರು ಬೀಳದಂತೆ ನಗುತ್ತಿದ್ದಾರೆ. ಆಮೇಲೆ ಮೇಜಿನ ಅಡಿಯ ಡಬ್ಬಿಯಿಂದ ಒಂದು ಹಳೆಯ ಲೋಹದ ಲೆನ್ಸು ತೆಗೆದು, ಕೈ ಒರೆಸಿಕೊಂಡು, ಪಂಚೆ ಸರಿಸಿ ಈಚೆ ಬಂದು ಬೊಮ್ಮಣ್ಣನ ಅಂಗೈಯಲ್ಲಿ ಇಡುತ್ತಾರೆ. ತಿರುಗಿಸಿ ನೋಡ್ರಿ ಎನ್ನುತ್ತಾರೆ. ಈ ಬಿಗಿ ಕೊರತೆಯಲ್ಲ, ಮಾಡಿದವರು ಬೇಕೆಂದೇ ಇಟ್ಟದ್ದು, ಗಟ್ಟಿ ಗ್ರೀಸು ಹಾಕಿ ಹದ ಮಾಡಿದ್ದು, ಅದಕ್ಕಾಗಿಯೇ ನಿಮ್ಮ ಸೊಸೆ ಅಷ್ಟು ಕೊಟ್ಟದ್ದು ಎಂದು ವಿವರಿಸುತ್ತಾರೆ. ಎಣ್ಣೆ ಬಿದ್ದು ಆ ಗ್ರೀಸು ಕರಗಿದೆ, ಮೊದಲು ಸಡಿಲಾಗಿದೆ, ಧೂಳು ಕುಡಿದು ಆಮೇಲೆ ಅಂಟಾಗಿದೆ.

ಬೊಮ್ಮಣ್ಣ ಉಂಗುರವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುತ್ತಾರೆ. ಎಷ್ಟೋ ವರ್ಷ ಹಾಸಿನ ಬಿಗಿಯನ್ನು ಬೆರಳಲ್ಲೇ ಅಳೆದ ಕೈ ಅದು. ಅವರಿಗೆ ಅರ್ಥವಾದದ್ದು ಮುಖದಲ್ಲಿ ಗೊತ್ತಾಗುತ್ತದೆ. ಸಮಾಧಾನ ಇಳಿದುಹೋಗಿ, "ಎಂತ ಪನಿ ಚೇಸ್ತಿ" ಎಂದು ಮನೆಯ ತೆಲುಗಿನಲ್ಲಿ ತಮ್ಮನ್ನೇ ಬೈದುಕೊಳ್ಳುತ್ತಾರೆ, ಎಂಥ ಕೆಲಸ ಮಾಡಿದೆ ಎಂದು. ಸೊಸೆಯ ಕಡೆ ನೋಡಲಾರದೆ ನೆಲ ನೋಡುತ್ತಾರೆ.

ಕಾಂಚನಾ ಬೈಯುವುದಿಲ್ಲ. ಅವಳು ಬೇರೇನನ್ನೋ ಯೋಚಿಸುತ್ತಿದ್ದಾಳೆ. ಲೆನ್ಸು ತಂದ ದಿನದಿಂದ ಮಾವ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅತ್ತೆ ಬಾಯಿಬಿಟ್ಟು ಬೈದರು, ಮಾವ ಬೈಯದೆ ಬೈಯುತ್ತಿದ್ದಾರೆ ಎಂದೇ ಅವಳು ತಿಳಿದಿದ್ದಳು. ಮನೆಯಲ್ಲಿ ಎಲ್ಲರೂ ದುಡಿಯುತ್ತಿರುವಾಗ ತಾನೊಬ್ಬಳು ಆಟದ ಸಾಮಾನು ಇಟ್ಟುಕೊಂಡಂತೆ ಅವಳಿಗೆ ಎಷ್ಟೋ ಸಲ ಅನಿಸಿತ್ತು.

"ಮಾವ, ಕುಂಕುಮಾನೂ ಹಚ್ಚಿದ್ರಾ ಇದಕ್ಕೆ?" ಎಂದು ಕೇಳುತ್ತಾಳೆ.

"ಎಲ್ಲದಕ್ಕೂ ಹಚ್ಚಿ ಅದಕ್ಕೊಂದು ಬಿಡೋಕಾಗ್ತದಾ" ಎನ್ನುತ್ತಾರೆ ಬೊಮ್ಮಣ್ಣ. "ಕ್ಯಾಮೆರಾ ಡಬ್ಬಿ ಕೆಳಗೆ ಹಚ್ತಿದ್ದೆ. ಗಾಜಿಗೆ ತಾಗಬಾರದು ಅಂತ ಗೊತ್ತು ನಂಗೆ. ಅಷ್ಟು ಗೊತ್ತಿತ್ತು."

ಕಾಂಚನಾ ಬೆಂಚಿನ ಮೇಲೆ ಮತ್ತೆ ಕೂರುತ್ತಾಳೆ, ಈ ಸಲ ಮಾವನ ಹತ್ತಿರಕ್ಕೆ.

ಆಮೇಲೆ ದೂರದಲ್ಲಿ ಲಾರಿಯೊಂದು ಗೇರು ಬದಲಿಸುವುದು ಕೇಳುತ್ತದೆ. ಅಫ್ಸರ್ ಒಳಗೆ ಓಡಿ ಬಿಚ್ಚಿದ ಭಾಗಗಳ ಮೇಲೆ ಗಾಜಿನ ಬಟ್ಟಲುಗಳನ್ನು ಬೋರಲು ಹಾಕುತ್ತಾರೆ. ಅಂದಿನ ಹೊತ್ತು ಮುಗಿಯಿತು. ಉಳಿದದ್ದು ನಾಳೆ ಬೆಳಗ್ಗೆ. ಇನ್ನೊಂದು ದಿನ ಉಳಿಯಬೇಕಾಗುತ್ತದೆ ಎಂದು ಹೇಳಿ, ಸರಿಹೋಗುತ್ತದಾ ಎಂಬ ಪ್ರಶ್ನೆಗೆ ಮಾತ್ರ ನಾಳೆ ನೋಡೋಣ ಎನ್ನುತ್ತಾರೆ. ಲೆನ್ಸಿನ ಎರಡು ಭಾಗಗಳನ್ನು ಜೋಡಿಸುವ ತಿರುಪಿಗೆ ಹಲವು ಬಾಯಿಗಳಿರುತ್ತವೆ, ಅಂದರೆ ಹಲ್ಲು ಹಿಡಿದು ತಿರುಗಲು ಶುರುವಾಗುವ ಜಾಗಗಳು. ಹೊರಬಂದ ಬಾಯಲ್ಲೇ ಒಳಗೆ ಹೋಗಬೇಕು. ಬೇರೆ ಬಾಯಲ್ಲಿ ಹೋದರೂ ಸಲೀಸಾಗಿ ತಿರುಗುತ್ತದೆ, ಆದರೆ ಫೋಟೊ ಎಂದಿಗೂ ನಿಚ್ಚಳವಾಗುವುದಿಲ್ಲ. ಬಿಚ್ಚುವಾಗ ಸೂಜಿಯಿಂದ ಗುರುತು ಹಾಕಿಕೊಳ್ಳುವುದು ಅಫ್ಸರ್ ಅಭ್ಯಾಸ. ಇವತ್ತೂ ಹಾಕಿದ್ದಾರೆ, ಆದರೆ ಅಂಟಿನ ಮೇಲೆ ಗೀರಿದ ಗುರುತು ಲೋಹಕ್ಕೆ ತಾಗಿದೆಯೋ ಇಲ್ಲವೋ ತೊಳೆದ ಮೇಲೆಯೇ ಗೊತ್ತಾಗಬೇಕು.

ಆ ಹಗಲು ಮಾವ ಸೊಸೆ ಇಬ್ಬರೂ ಅಫ್ಸರ್ ಮನೆಯಲ್ಲೇ ಉಣ್ಣುತ್ತಾರೆ. ಬೇಡವೆಂದರೂ ರಹಮತ್ ಬೀ ಬಿಡಲಿಲ್ಲ. ಬೊಮ್ಮಣ್ಣ ಮಾಂಸ ಮುಟ್ಟುವವರಲ್ಲ ಎಂದು ಕೇಳಿ ತಿಳಿದು ಹೊಸ ಪಾತ್ರೆಯಲ್ಲಿ ಅನ್ನ, ಬೇಳೆ ಸಾರು ಮಾಡಿದ್ದಾರೆ. ಉಣ್ಣುವಾಗ ದುರುಗಕ್ಕನ ಫೋನು ಬರುತ್ತದೆ. ಏನಾಯಿತು ಎಂದು ಕೇಳುತ್ತಾರೆ. ಎಣ್ಣೆಯ ವಿಷಯ ಹೇಳಲೋ ಬೇಡವೋ ಎಂದು ಕಾಂಚನಾ ತಡವರಿಸುವಷ್ಟರಲ್ಲಿ ಬೊಮ್ಮಣ್ಣ ಫೋನು ಕಸಿದುಕೊಂಡು ಎಲ್ಲವನ್ನೂ ತಾವೇ ಹೇಳಿಬಿಡುತ್ತಾರೆ. ಆ ಕಡೆಯಿಂದ ಬಂದ ಬೈಗುಳ ಫೋನು ದೂರ ಹಿಡಿದರೂ ಕೇಳುವಷ್ಟಿದೆ. ಎಲ್ಲ ಬೈಗುಳ ಗಂಡನಿಗೇ. ಲೆನ್ಸಿಗೂ ಸೊಸೆಗೂ ಅದರಲ್ಲಿ ಪಾಲಿಲ್ಲ. ಮಾರಿ ಬಾ ಎಂಬ ಮಾತನ್ನು ಮಾತ್ರ ದುರುಗಕ್ಕ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮರುದಿನದ ಬೆಳಗ್ಗೆ ಮತ್ತೆ ಒದ್ದೆ ನೆಲ, ನಿಂತ ಫ್ಯಾನು, ಬೆಂಚು. ಅಫ್ಸರ್ ಒಂದೊಂದು ಭಾಗವನ್ನೂ ಸ್ಪಿರಿಟ್ಟಿನಲ್ಲಿ ಅದ್ದಿ, ಬ್ರಷ್ಷಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡುತ್ತಾರೆ. ರೆಕ್ಕೆಗಳನ್ನು ಒಂದೊಂದಾಗಿ ಒಣ ಬಟ್ಟೆಯ ಮೇಲೆ ಮಲಗಿಸುತ್ತಾರೆ. ಕಂದು ಪಾಕ ಇಳಿದುಹೋದ ಹಾಗೆ ಹಿತ್ತಾಳೆ ಹೊಳೆಯುತ್ತದೆ. ಸೂಜಿಯ ಗುರುತಿರಬೇಕಾದ ಜಾಗದಲ್ಲಿ ಏನೂ ಕಾಣುವುದಿಲ್ಲ. ಅಫ್ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ. ಇಲ್ಲ.

ಗುರುತು ಇಲ್ಲದಿದ್ದರೆ ಒಂದೊಂದೇ ಬಾಯಲ್ಲಿ ಕೂರಿಸಿ ನೋಡಬೇಕು. ಕೂರಿಸುತ್ತಾರೆ, ಕ್ಯಾಮೆರಾಕ್ಕೆ ಹಾಕಿ ಗಲ್ಲಿಯ ತುದಿಯ ಬೇವಿನ ಮರದತ್ತ ಹಿಡಿಯುತ್ತಾರೆ, ತಲೆಯಾಡಿಸುತ್ತಾರೆ, ಬಿಚ್ಚುತ್ತಾರೆ. ಮತ್ತೆ ಕೂರಿಸುತ್ತಾರೆ. ಬೆಳಕು ಏರುತ್ತಿದೆ. ಕಾಂಚನಾ ಕಣ್ಣು ಮುಚ್ಚಿ ಕೂತಿದ್ದಾಳೆ. "ಚಾ ಥಂಡೀ ಹೋರಯ್" ಎಂದು ಚಹಾ ಆರುತ್ತಿರುವುದನ್ನು ರಹಮತ್ ಬೀ ಒಳಬಾಗಿಲಿನಿಂದ ನೆನಪಿಸಿದರೆ ಅಫ್ಸರ್ ಕೈ ಮಾತ್ರ ಎತ್ತುತ್ತಾರೆ. ಇನ್ನೊಮ್ಮೆ ಕೂರಿಸುತ್ತಾರೆ. ಈ ಸಲ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸದೆ ಬಹಳ ಹೊತ್ತು ನಿಲ್ಲುತ್ತಾರೆ.

"ಎಲೆ ಎಣಿಸಬಹುದು" ಎನ್ನುತ್ತಾರೆ.

ಗಟ್ಟಿ ಗ್ರೀಸು ಬೆಣ್ಣೆ ಸವರಿದಂತೆ ತೆಳ್ಳಗೆ ಸವರಿ, ಸ್ಕ್ರೂಗಳನ್ನೆಲ್ಲ ಬಂದ ಕ್ರಮದಲ್ಲೇ ಕೂರಿಸಿ, ಕೊನೆಗೆ ಲೆನ್ಸನ್ನು ಕಾಂಚನಾಗಲ್ಲ, ಬೊಮ್ಮಣ್ಣನ ಕೈಗೆ ಕೊಡುತ್ತಾರೆ. ಬೊಮ್ಮಣ್ಣ ಉಂಗುರ ತಿರುಗಿಸುತ್ತಾರೆ. ತುಪ್ಪದಲ್ಲಿ ಚಮಚದ ಹಾಗೆ ತಿರುಗುತ್ತದೆ, ಬಿಟ್ಟ ಕಡೆ ನಿಲ್ಲುತ್ತದೆ. "ಕುಂಕುಮ ಹಚ್ರಿ ಯಜಮಾನ್ರೆ, ನಂದೇನೂ ತಕರಾರಿಲ್ಲ" ಎನ್ನುತ್ತಾರೆ ಅಫ್ಸರ್. "ಎಣ್ಣೆ ಮಾತ್ರ ಮಗ್ಗಕ್ಕೇ ಇರ್ಲಿ." ಬೊಮ್ಮಣ್ಣ ಮೊದಲ ಸಲ ನಗುತ್ತಾರೆ.

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಅಫ್ಸರ್ ಅಂಗಡಿಯಲ್ಲಿ ಕೂತು ಒಂದು ಮಾತು ಹೇಳುತ್ತಾರೆ. ಇದೇ ಎಣ್ಣೆ ಆ ಪ್ಲಾಸ್ಟಿಕ್ ಲೆನ್ಸಿಗೆ ಬಿದ್ದಿದ್ದರೆ ತಾವು ನೋಡಿ ವಾಪಸು ಕೊಡುತ್ತಿದ್ದರಂತೆ. ಅಂಟಿನ ಒಳಗೆ ಹೋಗುವ ದಾರಿಯೇ ಇಲ್ಲ. "ಜಾಸ್ತಿ ದುಡ್ಡು ಯಾತಕ್ಕೆ ಅಂತೀರಲ್ಲ. ಕೆಡಲ್ಲ ಅಂತ ಅಲ್ಲ. ಎಲ್ಲಾನೂ ಕೆಡ್ತೈತೆ. ಪ್ರೀತಿಯಿಂದ್ಲೂ ಕೆಡಿಸ್ತಾರೆ, ನೋಡಿದ್ರಲ್ಲ. 'ತಪ್ಪಾತು, ತಗೀರಿ' ಅಂದ್ರೆ ತಗಿಯೋಕೆ ಒಂದು ದಾರಿ ಇಟ್ಟಿರ್ಬೇಕು. ಅದಕ್ಕೆ ಕೊಡಬಹುದು."

ಸೀರೆ ಇಳಿಯುವುದು ಶುಕ್ರವಾರ. ಅಂದು ಮಧ್ಯಾಹ್ನ ಅಫ್ಸರ್ ಫೋನಿಗೆ ಕಾಂಚನಾ ಕಳಿಸಿದ ಫೋಟೊ ಬರುತ್ತದೆ. ಇಳಿಸುವ ಮುನ್ನ ಮಗ್ಗದ ಮೇಲೆಯೇ ತೆಗೆದದ್ದು. ಕಡುಗೆಂಪು ಸೀರೆ, ಹಸಿರು ಅಂಚು, ಅಂಚಿನ ಮೇಲೆ ಲಾಳಿ ಹಿಡಿದ ಬೊಮ್ಮಣ್ಣನ ಕೈ. ಕೈಯ ಹಿಂಭಾಗದ ಒಂದೊಂದು ನರೆಗೂದಲೂ ಕಾಣುತ್ತದೆ. ಜೊತೆಗೆ ಅವಳ ದನಿಯ ಒಂದು ಸಂದೇಶ: ಫೋಟೊ ನೋಡಿದವರು ಸೀರೆ ಬೇರೆಯವರಿಗೆ ಕೊಡಬೇಡಿ ಎಂದಿದ್ದಾರೆ, ಮಾವ ಎಣ್ಣೆಯ ಬಟ್ಟಲನ್ನು ತಾವೇ ದೂರ ಎತ್ತಿಟ್ಟಿದ್ದಾರೆ. "ಅತ್ತೆ ಏನೂ ಅಂದಿಲ್ಲ ಅಫ್ಸರಣ್ಣ. ಬೆಳಗ್ಗಿಂದ ನೂಲಿಗೆ ಬಾ ಅಂತ ಕರ್ದಿಲ್ಲ, ಅಷ್ಟೇ."

ಅಫ್ಸರ್ ಸಂದೇಶವನ್ನು ಎರಡು ಸಲ ಕೇಳುತ್ತಾರೆ. ಆಮೇಲೆ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ನಾಲ್ಕೂ ಮೂಲೆಗೆ ಎಳೆದು ಎಳೆದು ನೋಡುತ್ತಾರೆ. ಹೊರಗೆ ಲಾರಿಗಳು ಹೋಗುತ್ತಿವೆ, ಗಲ್ಲಿಯ ತುಂಬ ಸಿಪ್ಪೆ ಹಾರುತ್ತಿದೆ, ಅವರಿಗೆ ಪರಿವೆಯಿಲ್ಲ. ಹೇಗೆ ಬಂದಿದೆ ಎಂದು ಕೇಳಿದರೆ ತುಸು ನಾಚಿದವರಂತೆ ಫೋನು ಕೆಳಗಿಡುತ್ತಾರೆ.

"ನನ್ನ ಕೆಲಸ ಫೋಟೊದಾಗೆ ಕಾಣಬಾರ್ದ್ರಿ. ಕಂಡ್ರೆ ಎಲ್ಲೋ ತಪ್ಪು ಉಳ್ಕಂಡೈತೆ ಅಂತ. ಮೂಲೆ ಮೂಲೆ ಹುಡುಕ್ದೆ." ಅಂಗೈಯಿಂದ ಮೇಜಿನ ಬಟ್ಟೆಯನ್ನು ಒಮ್ಮೆ ಸವರುತ್ತಾರೆ. "ಎಲ್ಲೂ ಕಾಣ್ಲಿಲ್ಲ."